ಖುಲಾಸೆಯಾದ ಕೇಸುಗಳನ್ನು ನಾನು ಓದಿದ ಬಗೆ

ವರದಕ್ಷಿಣೆ ಕಿರುಕುಳದ ಕೇಸುಗಳ ಮಾತು ಬಂದಾಗಲೆಲ್ಲ ಒಂದು ಅಂಕಿ ಜೊತೆಗೇ ಬರುತ್ತದೆ. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2012ರ ಲೆಕ್ಕವನ್ನು ಎತ್ತಿ ಹೇಳಿತ್ತು. ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಐಪಿಸಿ 498ಎ ಅಡಿ ಚಾರ್ಜ್‌ಶೀಟ್ ಆಗುವುದು ಶೇ 93.6. ಶಿಕ್ಷೆಯಾಗುವುದು ಬರೀ ಶೇ 15. ಇದನ್ನು ಕೇಳಿದವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುವುದಿಲ್ಲ. ಹಾಗಾದರೆ ಉಳಿದ 85 ಸುಳ್ಳು ಕೇಸು ಅಂತ ಆಯ್ತಲ್ವಾ ಅನ್ನುತ್ತಾರೆ. ಈ ಕೂಡು ಕಳೆಯುವ ಲೆಕ್ಕ ಸರಿಯೇ ಎಂದು ನೋಡಬೇಕು ಅನ್ನಿಸಿ ನಾನು ಒಂದು ಜಿಲ್ಲೆಯ ವಿಚಾರಣಾ ನ್ಯಾಯಾಲಯಗಳ ತೀರ್ಪುಗಳನ್ನು ಓದಲು ಕೂತೆ. ಶಿಕ್ಷೆಯಾದವುಗಳಿಗಿಂತ ಖುಲಾಸೆಯಾದವುಗಳ ಮೇಲೇ ನನ್ನ ಕಣ್ಣು.

ಮೊದಲು ಆ ಎರಡು ಶೇಕಡಾಗಳ ವಿಷಯ. ಚಾರ್ಜ್‌ಶೀಟ್ ಪ್ರಮಾಣವನ್ನು ಆ ವರ್ಷ ಪೊಲೀಸರು ತನಿಖೆ ಮುಗಿಸಿದ ಕೇಸುಗಳ ಮೇಲೆ ಲೆಕ್ಕ ಹಾಕುತ್ತಾರೆ. ಶಿಕ್ಷೆಯ ಪ್ರಮಾಣವನ್ನು ಆ ವರ್ಷ ಕೋರ್ಟಿನಲ್ಲಿ ವಿಚಾರಣೆ ಮುಗಿದ ಕೇಸುಗಳ ಮೇಲೆ. ಇವೆರಡೂ ಒಂದೇ ಗುಂಪಿನ ಕೇಸುಗಳಲ್ಲ. ಈ ವರ್ಷ ತೀರ್ಪಾದದ್ದು ಎಷ್ಟೋ ವರ್ಷ ಹಿಂದೆ ದಾಖಲಾದದ್ದಿರಬಹುದು. ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ. ಇನ್ನೊಂದು ಸಂಗತಿ ಜಾಸ್ತಿ ಜನರಿಗೆ ಗೊತ್ತಿರುವುದಿಲ್ಲ. ಒಂದು ಎಫ್‌ಐಆರ್‌ನಲ್ಲಿ ಹಲವು ಸೆಕ್ಷನ್‌ಗಳಿದ್ದರೆ ಬ್ಯೂರೋ ಅದರಲ್ಲಿ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತದೆ. ವರದಕ್ಷಿಣೆ ಸಾವು, ಅಂದರೆ 304ಬಿ, ಮತ್ತು 498ಎ ಒಟ್ಟಿಗಿದ್ದರೆ ಆ ಕೇಸು ಸಾವಿನ ಸಾಲಿಗೆ ಹೋಗುತ್ತದೆ. ಹೀಗಾಗಿ 498ಎ ಸಾಲಿನಲ್ಲಿ ಉಳಿಯುವುದು, ಹೆಚ್ಚಿನ ಮಟ್ಟಿಗೆ, ಹೆಂಗಸು ಬದುಕಿರುವ ಕೇಸುಗಳು. ಬದುಕಿರುವವಳು ಮುಂದೆ ಬದುಕಬೇಕು ಕೂಡ. ಖುಲಾಸೆಯ ಕಥೆ ಶುರುವಾಗುವುದೇ ಇಲ್ಲಿಂದ ಎಂದು ನನಗೆ ಆಮೇಲೆ ಕಂಡಿತು.

ಬ್ಯೂರೋದ 2022ರ ವರದಿಯಲ್ಲಿ ಮಹಿಳೆಯರ ಮೇಲಿನ ಅಪರಾಧ ಎಂದು ದಾಖಲಾದ ಪ್ರಕರಣಗಳು 4,45,256. ಅದರಲ್ಲಿ ಶೇ 31.4 ಗಂಡ ಅಥವಾ ಅವನ ಕಡೆಯವರ ಕ್ರೌರ್ಯದ್ದು. ಎಲ್ಲಕ್ಕಿಂತ ದೊಡ್ಡ ಪಾಲು ಇದೇ. ಆದರೂ ಇದು ಠಾಣೆಯ ಬಾಗಿಲು ದಾಟಿದವರ ಲೆಕ್ಕ ಅಷ್ಟೇ. ಮನೆಮನೆಗೆ ಹೋಗಿ ಕೇಳಿದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇ 29.3ರಷ್ಟು ಮಂದಿ ಗಂಡನಿಂದ ಹಿಂಸೆ ಆಗಿದೆ ಎಂದರು. ಕರ್ನಾಟಕದಲ್ಲಿ ಅದು ಶೇ 44.4. ಹಿಂದಿನ ಸುತ್ತಿನಲ್ಲಿ ಇಲ್ಲಿ 20.6 ಇತ್ತು. ಇದಕ್ಕೆ ಲಾಕ್‌ಡೌನ್ ಕಾರಣ ಎಂದು ಕೆಲವರು ಥಟ್ಟನೆ ಹೇಳಿಬಿಟ್ಟರು. ಆದರೆ ಕರ್ನಾಟಕದಲ್ಲಿ ಈ ಸುತ್ತಿನ ಮನೆ ಭೇಟಿಗಳು ಮುಗಿದದ್ದು 2019ರಲ್ಲಿ, ಕೋವಿಡ್ ಬರುವ ಮೊದಲೇ. ಹಿಂಸೆಯೇ ಹೆಚ್ಚಾಯಿತೋ, ಹೇಳುವ ಧೈರ್ಯ ಹೆಚ್ಚಾಯಿತೋ, ಕೇಳುವವರ ತರಬೇತಿ ಬದಲಾಯಿತೋ, ಸುಮ್ನೆ ಅಂಕಿ ನೋಡಿ ಹೇಳಲಾಗುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ 14 ಮಾತ್ರ. ಆ ಸಹಾಯ ಕೂಡ ಹೆಚ್ಚಾಗಿ ತವರಿನವರದು. ನಾನು ಓದಲು ಹೊರಟ ಕಡತಗಳು ಈ ಸಣ್ಣ ಗುಂಪಿನೊಳಗಿನ ಇನ್ನೂ ಸಣ್ಣ ಗುಂಪು. ಇದನ್ನು ನನ್ನ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡೆ.

ತೀರ್ಪುಗಳು ಸಿಗುವುದು ಕಷ್ಟವಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಾಯ್ದೆ ಮತ್ತು ಸೆಕ್ಷನ್ ಕೊಟ್ಟು ಹುಡುಕಬಹುದು. ಕಷ್ಟ ಇರುವುದು ಯಾವುದನ್ನು ತೆಗೆದುಕೊಳ್ಳಬೇಕು ಎಂಬಲ್ಲಿ. ತೀರ್ಪಾದ ವರ್ಷದ ಪ್ರಕಾರ ತೆಗೆದುಕೊಂಡರೆ ಬೇಗ ಮುಗಿದವೂ ತೀರಾ ಎಳೆದವೂ ಕಲಸಿಹೋಗುತ್ತವೆ. ಅದಕ್ಕೆ ದಾಖಲಾದ ವರ್ಷವನ್ನು ಹಿಡಿದೆ. ಆ ವರ್ಷದ ಎಲ್ಲ ಸಿಸಿ ನಂಬರುಗಳನ್ನೂ, ಅಂದರೆ ಕೋರ್ಟು ಕ್ರಿಮಿನಲ್ ಕೇಸಿಗೆ ಕೊಡುವ ನಂಬರುಗಳನ್ನು, ಸಾಲಾಗಿ ತೆಗೆದುಕೊಂಡು ಒಂದೊಂದೂ ಎಲ್ಲಿಗೆ ಮುಟ್ಟಿತು ಎಂದು ನೋಡುತ್ತಾ ಹೋದೆ. ಆರಿಸಿಕೊಳ್ಳಲಿಲ್ಲ. ಚೆನ್ನಾಗಿದೆ ಅನ್ನಿಸಿದ ಕೇಸನ್ನು ಮಾತ್ರ ಎತ್ತಿಕೊಳ್ಳುವ ಆಸೆ ಈ ಕೆಲಸದಲ್ಲಿ ಬಹಳ ಕಾಡುತ್ತದೆ. ಅದಕ್ಕೆ ಮಣಿದರೆ ಸಂಶೋಧನೆ ಹೋಗಿ ವಾದ ಆಗುತ್ತದೆ. ಕೆಲವು ಕೇಸುಗಳಿಗೆ ತೀರ್ಪೇ ಇರಲಿಲ್ಲ. ಹೈಕೋರ್ಟ್ ರದ್ದು ಮಾಡಿತ್ತು. 2003ರ ಬಿ.ಎಸ್. ಜೋಶಿ ತೀರ್ಪಿನ ನಂತರ, ಗಂಡ ಹೆಂಡತಿ ರಾಜಿಯಾದರೆ ಹೈಕೋರ್ಟ್ 498ಎ ಕೇಸನ್ನು ರದ್ದು ಮಾಡಬಹುದು. ಬರೀ ತೀರ್ಪುಗಳ ಕಟ್ಟು ಹಿಡಿದು ಕೂತವರಿಗೆ ಈ ಕೇಸುಗಳು ಕಾಣಿಸುವುದೇ ಇಲ್ಲ.

ಓದುವ ಕ್ರಮಕ್ಕೆ ಬರುತ್ತೇನೆ. ಎಲ್ಲರೂ ಮೊದಲು ನೋಡುವುದು ಕೊನೆಯ ಆದೇಶವನ್ನು. ಆರೋಪವನ್ನು ಸಂಶಯಾತೀತವಾಗಿ ಸಾಬೀತುಪಡಿಸಲು ಪ್ರಾಸಿಕ್ಯೂಷನ್ ವಿಫಲವಾಗಿದೆ ಎಂಬ ಸಾಲು ಎಲ್ಲ ಖುಲಾಸೆಗಳಲ್ಲೂ ಇರುತ್ತದೆ. ಅದರಿಂದ ಏನೂ ತಿಳಿಯದು. ನಾನು ಆದೇಶಕ್ಕಿಂತ ಮೊದಲು ಅದರ ಕೆಳಗಿನ ಅನುಬಂಧವನ್ನು ಓದುವ ರೂಢಿ ಮಾಡಿಕೊಂಡೆ. ಅಲ್ಲಿ ಪ್ರಾಸಿಕ್ಯೂಷನ್ ಪರ ವಿಚಾರಿಸಿದ ಸಾಕ್ಷಿಗಳ ಪಟ್ಟಿ ಇರುತ್ತದೆ. ಪ್ರತಿ ಹೆಸರಿನ ಮುಂದೆ ಚಾರ್ಜ್‌ಶೀಟಿನಲ್ಲಿ ಅವರು ಎಷ್ಟನೇ ಸಾಕ್ಷಿ ಎಂಬುದೂ ಇರುತ್ತದೆ. ಚಾರ್ಜ್‌ಶೀಟಿನಲ್ಲಿ ಹನ್ನೆರಡು ಮಂದಿ, ಕಟಕಟೆಗೆ ಬಂದದ್ದು ಮೂವರು ಎಂದಿದ್ದರೆ ಕೇಸಿನ ಅರ್ಧ ಕಥೆ ಅಲ್ಲೇ ಸಿಕ್ಕಿತು. ಗಾಯ ನೋಡಿದ ಡಾಕ್ಟರ್ ಬಂದರೇ? ತನಿಖೆ ಮಾಡಿದ ಅಧಿಕಾರಿ ಬಂದರೇ? ಎಷ್ಟೋ ಕಡೆ ಇಬ್ಬರೂ ಇಲ್ಲ. ಪಂಚರು, ಅಂದರೆ ಪೊಲೀಸರ ಸ್ಥಳ ಪರಿಶೀಲನೆಗೆ ಸಾಕ್ಷಿಯಾದವರು, ಬಂದು ಮಹಜರಿಗೆ ಠಾಣೆಯಲ್ಲೇ ಸಹಿ ಹಾಕಿದೆವು ಎಂದು ಹೋಗಿರುತ್ತಾರೆ.

ಇನ್ನು ದೂರು ಕೊಟ್ಟ ಹೆಂಗಸೇ ತಿರುಗಿಬಿದ್ದ ಕೇಸುಗಳು. ಮೊದಲ ಸಾಕ್ಷಿಯಾಗಿ ಬಂದು, ನನಗೆ ಯಾರೂ ತೊಂದರೆ ಕೊಟ್ಟಿಲ್ಲ, ದೂರಿನಲ್ಲಿ ಏನು ಬರೆದಿದೆ ಗೊತ್ತಿಲ್ಲ, ಸಹಿ ಮಾತ್ರ ನನ್ನದು ಎನ್ನುತ್ತಾಳೆ. ಸರ್ಕಾರಿ ವಕೀಲರು ಅವಳನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟಿ ಸವಾಲು ಮಾಡುತ್ತಾರೆ. ಆಮೇಲೆ ಎಲ್ಲ ಕಡತದಲ್ಲೂ ಬರುವ ವಾಕ್ಯ: ಆರೋಪಿಗಳೊಂದಿಗೆ ರಾಜಿಯಾಗಿ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ಹೊಸಬರು ಇದನ್ನು ಓದಿ ರಾಜಿಯಾಗಿದೆ ಎಂದು ಗುರುತು ಹಾಕಿಬಿಡುತ್ತಾರೆ. ಹಾಗೆ ಮಾಡಬಾರದು. ತಿರುಗಿಬಿದ್ದ ಯಾವ ಸಾಕ್ಷಿಗಾದರೂ ಸರ್ಕಾರಿ ವಕೀಲರು ರೂಢಿಯಂತೆ ಕೇಳುವ ಪ್ರಶ್ನೆ ಅದು. ರಾಜಿ ಎಂದು ಬರೆಯಲು ನನಗೆ ಎರಡನೇ ಆಧಾರ ಬೇಕಿತ್ತು.

ಆ ಆಧಾರ ಬೇರೆ ಕೋರ್ಟಿನಲ್ಲಿರುತ್ತದೆ. ಒಂದೇ ದಂಪತಿಯ ಹೆಸರಲ್ಲಿ ಹಲವು ಕೇಸು ಏಕಕಾಲಕ್ಕೆ ನಡೆಯುತ್ತಿರುತ್ತವೆ. 498ಎ ಒಂದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ ಇನ್ನೊಂದು. ಜೀವನಾಂಶದ್ದು ಮತ್ತೊಂದು. ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ್ದು ಬೇರೆ. ಇವನ್ನು ಒಂದಕ್ಕೊಂದು ಜೋಡಿಸಿದ್ದೇ ನನ್ನ ಇಡೀ ಕೆಲಸದ ಅತಿ ದೊಡ್ಡ ಭಾಗ. ಅತಿ ಬೇಸರದ ಭಾಗ ಕೂಡ. ಒಂದು ಕಡೆ ಹೆಸರು ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ. ಒಂದು ಕಡೆ ತಂದೆಯ ಹೆಸರು ಸೇರಿಸಿ, ಇನ್ನೊಂದು ಕಡೆ ಗಂಡನದು. ಕಂಪ್ಯೂಟರಿಗೆ ಬಿಟ್ಟರೆ ಅರ್ಧ ಜೋಡಿ ತಪ್ಪುತ್ತದೆ. ಕೈಯಲ್ಲೇ ಮಾಡಬೇಕು. ಹಾಗೆ ಜೋಡಿಸಿದಾಗ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಬಿದ್ದ ಆಸುಪಾಸಿನಲ್ಲೇ ಆಕೆ ಇಲ್ಲಿ ತಿರುಗಿಬಿದ್ದಿರುವುದು ಮತ್ತೆ ಮತ್ತೆ ಕಂಡಿತು.

ಹೀಗೆ ಯಾಕೆ ಆಗುತ್ತದೆ ಎಂಬುದಕ್ಕೆ ಉತ್ತರ ಕಾನೂನಿನಲ್ಲೇ ಇದೆ. 1983ರಲ್ಲಿ ಸೇರಿಸಿದ 498ಎ ರಾಜಿಗೆ ಬರುವ ಅಪರಾಧವಲ್ಲ. ಆಂಧ್ರಪ್ರದೇಶ ತನ್ನಲ್ಲಿ ತಿದ್ದುಪಡಿ ಮಾಡಿ ಕೋರ್ಟಿನ ಅನುಮತಿ ಪಡೆದು ರಾಜಿಗೆ ಅವಕಾಶ ಕೊಟ್ಟಿತು. ನಮ್ಮಲ್ಲಿ ಹಾಗಿಲ್ಲ. ಇಬ್ಬರೂ ಒಪ್ಪಿದರೂ ಕೇಸನ್ನು ಸೀದಾ ವಾಪಸ್ ಪಡೆಯಲಾಗದು. ಹೈಕೋರ್ಟಿಗೆ ಹೋಗಲು ದುಡ್ಡು ಬೇಕು. ಉಳಿದ ದಾರಿ ಒಂದೇ. ಕಟಕಟೆಗೆ ಬಂದು ನೆನಪಿಲ್ಲ ಎನ್ನುವುದು. ಅದು ಕೊನೆಗೆ ಅಂಕಿಅಂಶದಲ್ಲಿ ಖುಲಾಸೆ ಎಂದು ಕೂರುತ್ತದೆ. ಕೆಲವರ ಬಾಯಲ್ಲಿ ಸುಳ್ಳು ಕೇಸು ಆಗುತ್ತದೆ.

ಗುರುತು ಹಾಕುವ ಹಾಳೆಯಲ್ಲಿ ನಾನು ಕೆಲವೇ ಕಾಲಮ್ಮುಗಳನ್ನು ಇಟ್ಟಿದ್ದೆ. ದೂರುದಾರಳು ತಿರುಗಿಬಿದ್ದದ್ದು. ಅವಳು ಗಟ್ಟಿಯಾಗಿ ನಿಂತರೂ ಬೇರೆ ಸಾಕ್ಷಿಗಳು ಬಾರದ್ದು. ತನಿಖೆಯ ಲೋಪ. ನಾದಿನಿ, ಭಾವ, ದೂರದ ಚಿಕ್ಕಪ್ಪ ಎಂದು ಎಲ್ಲರ ಮೇಲೂ ಒಂದೇ ಸಾಮಾನ್ಯ ಆರೋಪ ಹೊರಿಸಿದ್ದು. ಕೊನೆಯದು, ದೂರು ಸುಳ್ಳು ಎಂದು ನ್ಯಾಯಾಧೀಶರೇ ಬರೆದದ್ದು. ಈ ಕೊನೆಯ ಕಾಲಮ್ಮು ಬಹುತೇಕ ಖಾಲಿ ಉಳಿಯಿತು. ಇದರಿಂದ ಎಲ್ಲ ದೂರುಗಳೂ ನಿಜ ಎಂದೂ ಆಗುವುದಿಲ್ಲ. ಮನೆಯೊಳಗೆ ಏನು ನಡೆಯಿತು ಎಂಬುದನ್ನು ತೀರ್ಪು ಓದಿ ಹೇಳಲಾಗದು. ಕೋರ್ಟಿನಲ್ಲಿ ಏನು ನಡೆಯಿತು ಎಂಬುದನ್ನು ಹೇಳಬಹುದು, ಅಷ್ಟೇ. ಹೆಂಗಸರ ಪರ ಇರುವ ಸ್ನೇಹಿತರಿಗೂ ಈ ಮಾತು ಅಷ್ಟಾಗಿ ಹಿಡಿಸಲಿಲ್ಲ.

ನಾನೊಬ್ಬಳೇ ಗುರುತು ಹಾಕಿದರೆ ಸಾಲದು. ನನ್ನ ಹಾಳೆ ನೋಡದೆ ಸಹೋದ್ಯೋಗಿಯೊಬ್ಬರು ಒಂದಷ್ಟು ತೀರ್ಪುಗಳನ್ನು ಬೇರೆಯಾಗಿ ಓದಿ ಗುರುತು ಹಾಕಿದರು. ಇಬ್ಬರ ಹೊಂದಾಣಿಕೆ ಎಷ್ಟು ಎಂದು ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆ ಇದೆ. ಆಕಸ್ಮಿಕವಾಗಿ ಹೊಂದುವ ಪಾಲನ್ನು ಅದು ಕಳೆದುಬಿಡುತ್ತದೆ. ಅಂಕಿಗಿಂತ ಉಪಯೋಗಕ್ಕೆ ಬಂದದ್ದು ನಮ್ಮ ಜಗಳಗಳು. ತನಿಖಾಧಿಕಾರಿ ಬಾರದ ಕೇಸಿನಲ್ಲಿ ಹೆಂಗಸೂ ತಿರುಗಿಬಿದ್ದಿದ್ದರೆ ಯಾವ ಕಾಲಮ್ಮು? ಯಾವುದು ಮೊದಲು ನಡೆಯಿತೋ ಅದು ಎಂದು ಕೊನೆಗೆ ನಿಯಮ ಮಾಡಿಕೊಂಡೆವು. ಅದರಿಂದಾಗಿ ಸಾಕ್ಷಿ ನುಡಿದ ತಾರೀಖುಗಳನ್ನೂ ಹಾಳೆಗೆ ಸೇರಿಸಬೇಕಾಯಿತು.

ಕಡತದಲ್ಲಿ ಪೊಲೀಸರು ಬರೆದುಕೊಂಡ ಸಾಕ್ಷಿ ಹೇಳಿಕೆಗಳೂ ಇರುತ್ತವೆ. ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 161ನೇ ಸೆಕ್ಷನ್ನಿನ ಈ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಅಕ್ಕಪಕ್ಕದ ಮನೆಯ ನಾಲ್ವರ ಹೇಳಿಕೆ ಓದಿದರೆ ಅಲ್ಪವಿರಾಮ ಕೂಡ ಒಂದೇ ಕಡೆ ಇರುತ್ತದೆ. ದೈಹಿಕ ಮತ್ತು ಮಾನಸಿಕ ಹಿಂಸೆ ನೀಡುತ್ತಿದ್ದರು ಎಂದು ಯಾವ ನೆರೆಯವರೂ ಬಾಯಿಬಿಟ್ಟು ಹೇಳಿರಲಾರರು. ಅದು ಠಾಣೆಯ ರೈಟರ್ ಭಾಷೆ. ಸೆಕ್ಷನ್ನಿಗೆ ಹೊಂದುವಂತೆ ಹೊಲಿದದ್ದು. ಇತ್ತೀಚೆಗೆ ಎಫ್‌ಐಆರ್‌ಗಳನ್ನು ಕಂಪ್ಯೂಟರಿಗೆ ಹಾಕಿ ಪದ ಎಣಿಸುವ ಸಂಶೋಧನೆ ಹೆಚ್ಚಾಗಿದೆ. ಅಲ್ಲಿ ಎಣಿಕೆಯಾಗುತ್ತಿರುವುದು ಹೆಂಗಸಿನ ಮಾತಲ್ಲ, ಬರೆದವರ ರೂಢಿ. ನಾನು ಈ ಹೇಳಿಕೆಗಳನ್ನು ಒಂದು ಕೇಸು ನಿಲ್ಲಲು ಏನೇನು ಬೇಕು ಎಂದು ಪೊಲೀಸರು ತಿಳಿದಿದ್ದಾರೆ ಎನ್ನುವುದಕ್ಕೆ ಮಾತ್ರ ಬಳಸಿದೆ.

ಹೆಂಗಸರನ್ನು ಮಾತಾಡಿಸದೆ ಇದು ಮುಗಿಯುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಕಡತದಲ್ಲಿ ವಿಳಾಸ ಇದೆ. ಆದರೆ ಅದನ್ನು ಹಿಡಿದು ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಎರಡನೇ ಮದುವೆಯಾಗಿ ಹಳೆಯದನ್ನು ಹೇಳದೇ ಇರುವವರು ಇರಬಹುದು. ವಾಪಸ್ ಅದೇ ಗಂಡನ ಮನೆಗೆ ಹೋದವರೂ ಇರಬಹುದು. ಕೌನ್ಸೆಲರುಗಳು ಮತ್ತು ವಕೀಲರ ಮೂಲಕ ಮಾತು ಕಳಿಸಿದೆ. ಇಷ್ಟ ಇದ್ದವರೇ ಫೋನ್ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ ಇಂಥ ಸಂಶೋಧನೆಗೆ 2001ರಲ್ಲೇ ಸುರಕ್ಷತೆಯ ಸೂತ್ರಗಳನ್ನು ಕೊಟ್ಟಿದೆ. ಮನೆಯವರ ಮುಂದೆ ಇದು ಹಿಂಸೆಯ ಬಗೆಗಿನ ಸಮೀಕ್ಷೆ ಎಂದು ಹೇಳಬಾರದು, ಖಾಸಗಿಯಾಗಿ ಮಾತಾಡಲು ಜಾಗ ಇಲ್ಲದಿದ್ದರೆ ಕೇಳಲೇಬಾರದು ಎಂಬುದೆಲ್ಲ ಅದರಲ್ಲಿದೆ. ನಡುವೆ ಯಾರಾದರೂ ಬಂದರೆ ಮಾತು ಬದಲಿಸಲು ನನ್ನ ಬಳಿ ಆರೋಗ್ಯದ ಪ್ರಶ್ನೆಗಳು ಸಿದ್ಧವಿದ್ದವು.

ಒಂದೇ ಕಾಲಮ್ಮಿನಲ್ಲಿ ಗುರುತು ಹಾಕಿದ್ದ ಕೇಸುಗಳು ಎಷ್ಟು ಬೇರೆಬೇರೆ ಎಂದು ಈ ಮಾತುಕತೆಯಲ್ಲಿ ತಿಳಿಯಿತು. ಒಬ್ಬರಿಗೆ ಕೇಸು ಹಾಕಿದ್ದರಿಂದಲೇ ಒಡವೆ ವಾಪಸ್ ಬಂದಿತ್ತು, ವಿಚ್ಛೇದನ ಸಿಕ್ಕಿತ್ತು. ಅವನು ಜೈಲಿಗೆ ಹೋಗಿ ನನಗೇನಾಗಬೇಕಿತ್ತು ಎಂದರು. ಅವರ ಪ್ರಕಾರ ಗೆದ್ದದ್ದು ಅವರೇ. ಇನ್ನೊಬ್ಬರ ಕಥೆ ಹಾಗಲ್ಲ. ತಂಗಿಗೆ ಗಂಡು ಗೊತ್ತಾಗುತ್ತಿತ್ತು, ಅಕ್ಕನ ಕೇಸು ಕೋರ್ಟಿನಲ್ಲಿದೆ ಎಂದರೆ ಕಷ್ಟ ಎಂದು ತವರಿನವರೇ ಒತ್ತಾಯ ಮಾಡಿದ್ದರು. ಮತ್ತೊಬ್ಬರು ತಾರೀಖಿಗೆ ಅಲೆದು ಸಾಕಾಗಿ ಬಿಟ್ಟಿದ್ದರು. ತೀರ್ಪುಗಳಲ್ಲಿ ಈ ಮೂವರೂ ಒಂದೇ ಮಾತು ಹೇಳಿದ್ದಾರೆ: ಏನೂ ನೆನಪಿಲ್ಲ. ನಾನು ತಿರುಗಿಬಿದ್ದವರ ಕಾಲಮ್ಮನ್ನು ವರದಿಯಲ್ಲಿ ಒಡೆಯಲಿಲ್ಲ. ಮಾತಾಡಲು ಬಂದವರು ಕೆಲವೇ ಮಂದಿ, ಅವರಿಂದ ಉಳಿದವರ ಕಾರಣ ಹಂಚುವುದು ಸರಿಯಲ್ಲ. ಬದಲಿಗೆ ಪಕ್ಕದಲ್ಲಿ ಇವರ ಮಾತುಗಳನ್ನು ಹಾಗೇ ಕೊಟ್ಟೆ.

ಹೆಸರುಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಅತ್ಯಾಚಾರದಂಥ ಪ್ರಕರಣಗಳಲ್ಲಿ ಸಂತ್ರಸ್ತೆಯ ಗುರುತು ಬಹಿರಂಗ ಮಾಡಿದರೆ ಶಿಕ್ಷೆ ಇದೆ. 498ಎ ಕೇಸಿಗೆ ಆ ರಕ್ಷಣೆ ಇಲ್ಲ, ತೀರ್ಪಿನಲ್ಲಿ ಪೂರ್ತಿ ಹೆಸರು ಇರುತ್ತದೆ. ಆದರೂ ನನ್ನ ಹಾಳೆಗೆ ನಂಬರು ಮಾತ್ರ ಹೋಯಿತು. ವರದಿಯಲ್ಲಿ ತಾಲ್ಲೂಕಿನ ಹೆಸರನ್ನೂ ತೆಗೆದೆ. ಸಣ್ಣ ಊರಿನಲ್ಲಿ ವರ್ಷ ಮತ್ತು ಗಂಡನ ಕೆಲಸ ಗೊತ್ತಾದರೆ ಸಾಕು, ಯಾರೆಂದು ಹೇಳಿಬಿಡುತ್ತಾರೆ.

ಇದೇ ಬಗೆಯ ಕೆಲಸ ಈಗ ಶುರು ಮಾಡುವವರಿಗೆ ಒಂದು ಹೊಸ ತೊಡಕು ಇದೆ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. 498ಎ ಹೋಗಿ ಸೆಕ್ಷನ್ 85 ಮತ್ತು 86 ಆಯಿತು. 85ರಲ್ಲಿ ಶಿಕ್ಷೆ, 86ರಲ್ಲಿ ಕ್ರೌರ್ಯ ಎಂದರೆ ಏನು ಎಂಬ ವಿವರಣೆ. ಆ ದಿನಕ್ಕೆ ಮೊದಲು ನಡೆದ ಘಟನೆಗಳಿಗೆ ಹಳೆಯ ಸೆಕ್ಷನ್ನೇ ಮುಂದುವರಿಯುತ್ತದೆ, ದೂರು ಆಮೇಲೆ ಕೊಟ್ಟರೂ. ಕಿರುಕುಳ ಒಂದು ದಿನದ್ದಲ್ಲವಾದ್ದರಿಂದ ಆ ತಾರೀಖಿನ ಆಚೆ ಈಚೆ ಎರಡೂ ಕಡೆ ಚಾಚಿಕೊಂಡ ಕೇಸುಗಳೂ ಇರುತ್ತವೆ. ಹುಡುಕುವಾಗ ಎರಡೂ ಕಾಯ್ದೆಗಳನ್ನು ಬೇರೆಬೇರೆಯಾಗಿ ಕೊಟ್ಟು ನೋಡಿ, ಎರಡು ಪಟ್ಟಿಯಲ್ಲೂ ಬಂದದ್ದನ್ನು ಎಫ್‌ಐಆರ್ ನಂಬರಿನಿಂದ ಒಂದು ಮಾಡಿಕೊಳ್ಳಿ.