ಹಿಂದಿನ ಶಾಕ್‌ನ ಮೂರು ಸದ್ದುಗಳು: ನನ್ನ ಅನುಭವ

ಮಳೆಗಾಲದಲ್ಲಿ ಸಕಲೇಶಪುರದ ಕಾಫಿ ತೋಟಗಳ ನಡುವಿನ ಕೆಸರು ದಾರಿಗಳಲ್ಲಿ ನಾಲ್ಕು ದಿನ ಓಡಿಸಿ ತಂದ ನನ್ನ ಮೌಂಟನ್ ಬೈಕ್, ಜನವರಿಯ ಹೊತ್ತಿಗೆ ಚಿಕ್ಕಬಳ್ಳಾಪುರದ ಕಡೆಯ ಒಣ ಬಂಡೆಗಳನ್ನು ಇಳಿಯುವಾಗ ಹಿಂಬದಿಯಿಂದ ಸದ್ದು ಮಾಡತೊಡಗಿತು. ಮೊದಲು ಅದನ್ನು ಒಂದೇ ಸದ್ದೆಂದು ತಿಳಿದಿದ್ದೆ. ಕಿವಿಗೊಟ್ಟು ಕೇಳಿದಾಗ ಮೂರು ಇದ್ದವು: ಸಣ್ಣ ಕಲ್ಲು ದಾಟಿದೊಡನೆ ಒಂದು ‘ಟಕ್’, ಶಾಕ್ (ಹಿಂಚಕ್ರಕ್ಕೆ ಬೀಳುವ ಏಟನ್ನು ಕುಗ್ಗಿ ಹಿಗ್ಗಿ ತಾಳಿಕೊಳ್ಳುವ, ಗಾಳಿ ಮತ್ತು ಎಣ್ಣೆ ತುಂಬಿದ ಭಾಗ) ಆಳವಾಗಿ ಕುಗ್ಗಿದಾಗ ಎಣ್ಣೆ ಕಾಣದ ಬಾಗಿಲಿನ ತಿರುಗಣಿಯಂಥ ‘ಕಿರ್ರ್’, ಅದು ಮರಳಿ ಹಿಗ್ಗುವಾಗ ಮೆಲ್ಲನೆಯ ‘ಬುಸ್’. ನಗರದ ಸೈಕಲ್ ಅಂಗಡಿಯೊಂದರಲ್ಲಿ ಸೀಟನ್ನು ಎರಡು ಬಾರಿ ಒತ್ತಿ ನೋಡಿ, ಶಾಕ್ ಹೋಗಿದೆ, ಹೊಸದನ್ನೇ ಹಾಕಬೇಕು ಎಂದರು. ಹತ್ತಾರು ಸಾವಿರ ರೂಪಾಯಿಯ ಮಾತಾದ್ದರಿಂದ, ಯಾವ ಸದ್ದು ಎಲ್ಲಿಂದ ಬರುತ್ತದೆಂದು ನಾನೇ ಕಂಡುಕೊಳ್ಳುವವರೆಗೆ ಏನನ್ನೂ ಕೊಳ್ಳುವುದಿಲ್ಲವೆಂದು ನಿರ್ಧರಿಸಿದೆ.

ಸೈಕಲ್ಲಿನ ಫ್ರೇಮ್ ಟೊಳ್ಳು ಕೊಳವೆಗಳಿಂದಾದದ್ದು. ಒಂದು ಕಡೆ ಹುಟ್ಟಿದ ಸದ್ದು ಅದರ ಮೂಲಕ ಹರಿದು ಬೇರೊಂದು ಕಡೆಯಿಂದ ಬಂದಂತೆ ಕೇಳಿಸುತ್ತದೆ. ಆದ್ದರಿಂದ ಮೊದಲು ಶಾಕ್‌ಗೆ ಸಂಬಂಧವಿಲ್ಲದವನ್ನು ಬದಿಗೆ ಸರಿಸಿದೆ. ಸೀಟಿನಿಂದ ಎದ್ದು, ಪೆಡಲ್ ತುಳಿಯದೆ, ಇಳಿಜಾರಿನಲ್ಲಿ ಹಾಗೆಯೇ ಉರುಳಿದಾಗಲೂ ಮೂರೂ ಸದ್ದುಗಳು ಬಂದವು. ಹೀಗಾಗಿ ಸೀಟ್ ಪೋಸ್ಟ್, ಸೀಟಿನ ಕಂಬಿಗಳು, ಕ್ರ್ಯಾಂಕ್ ಇವುಗಳ ಮೇಲಿನ ಸಂಶಯ ಬಹುಮಟ್ಟಿಗೆ ಕಳೆಯಿತು. ಹಿಂಚಕ್ರದ ಆಕ್ಸಲ್ಲನ್ನು ತೆಗೆದು, ಒರೆಸಿ, ಗ್ರೀಸ್ ಹಚ್ಚಿ ಬಿಗಿದೆ. ಬದಲಾವಣೆಯಾಗಲಿಲ್ಲ.

‘ಟಕ್’ ಎಂಬುದನ್ನು ಹಿಡಿದದ್ದು ಬೆರಳು. ಶಾಕ್‌ನ ಎರಡೂ ತುದಿಗಳಲ್ಲಿ ಬೋಲ್ಟ್ ಹಾಯುವ ಬಳೆಯೊಂದಿರುತ್ತದೆ. ಅದನ್ನು ಐಲೆಟ್ ಎನ್ನುತ್ತಾರೆ. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಒಂದು ಬೆರಳನ್ನು ಐಲೆಟ್ ಮತ್ತು ಫ್ರೇಮ್ ಎರಡಕ್ಕೂ ತಾಗುವಂತೆ ಇಟ್ಟು, ಇನ್ನೊಂದು ಕೈಯಿಂದ ಸೀಟನ್ನು ಮೆಲ್ಲನೆ ಎತ್ತಿದೆ. ಹಿಂಚಕ್ರ ನೆಲ ಬಿಡುವ ಮೊದಲೇ ಕೆಳಗಿನ ಐಲೆಟ್‌ನಲ್ಲಿ ಸಣ್ಣ ಸಡಿಲ ಬೆರಳಿಗೆ ಸ್ಪಷ್ಟವಾಗಿ ತಿಳಿಯಿತು, ಮೇಲಿನದು ಗಟ್ಟಿಯಾಗಿತ್ತು. ಈ ಸಡಿಲ ಕಣ್ಣಿಗೆ ಕಾಣದಷ್ಟು ಚಿಕ್ಕದೆಂದು ಬಿಟ್ಟುಬಿಡುವಂತಿಲ್ಲ. ನನ್ನ ಶಾಕ್ 50 ಮಿಲಿಮೀಟರ್ ಕುಗ್ಗಿದಾಗ ಹಿಂಚಕ್ರ 130 ಮಿಲಿಮೀಟರ್ ಚಲಿಸುತ್ತದೆ, ಅಂದರೆ ಸರಾಸರಿ 2.6 ಪಟ್ಟು, ಐಲೆಟ್‌ನ ಅರ್ಧ ಮಿಲಿಮೀಟರ್ ಸಡಿಲ ಚಕ್ರದ ಬಳಿ 1.3 ಮಿಲಿಮೀಟರ್ ಆಗುತ್ತದೆ.

ಶಾಕ್‌ನ ಗಾಳಿಯನ್ನು ಪೂರ್ತಿ ಬಿಟ್ಟು, ಎರಡೂ ಬೋಲ್ಟ್ ಬಿಚ್ಚಿ ಅದನ್ನು ಹೊರತೆಗೆದೆ. ಐಲೆಟ್‌ನೊಳಗೆ ತೆಳುವಾದ ಬುಶ್, ಅಂದರೆ ತಿರುಗುವಾಗ ಉಜ್ಜಾಟ ತಾಳುವ ಒಳಕೊಳವೆ, ಇತ್ತು: ಹೊರಗೆ ಉಕ್ಕು, ಒಳಗೆ ಕಂಚು, ಅದರ ಮೇಲೆ ಜಾರುವ ಬೂದು ಬಣ್ಣದ ಪದರ. ಶಾಕ್ ಕೆಲಸ ಮಾಡುವಾಗ ಈ ಬುಶ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಹಿಂದೆಮುಂದೆ ತಿರುಗುತ್ತದೆ. ಹೊರೆಯೆಲ್ಲ ಒಂದೇ ಪಕ್ಕಕ್ಕೆ ಬೀಳುವುದರಿಂದ ಸವೆತವೂ ಅಲ್ಲಿಯೇ. ಆ ಪಕ್ಕದಲ್ಲಿ ಬೂದು ಪದರ ಹೋಗಿ ಕಂಚಿನ ಬಣ್ಣ ಕಾಣುತ್ತಿತ್ತು. ಬೆಂಚ್ ವೈಸ್‌ನ ಒಂದು ಕಡೆ ಬುಶ್‌ನ ಹೊರ ಅಳತೆಗಿಂತ ಕೊಂಚ ಚಿಕ್ಕ ಸಾಕೆಟ್, ಇನ್ನೊಂದು ಕಡೆ ಬುಶ್ ಒಳಗಿಳಿಯುವಷ್ಟು ದೊಡ್ಡ ಸಾಕೆಟ್ ಇಟ್ಟು ನಿಧಾನವಾಗಿ ಬಿಗಿದಾಗ ಹಳೆಯದು ಹೊರಬಂತು. ಹೊಸದನ್ನು ವಾರೆಯಾಗದಂತೆ ನೇರವಾಗಿ ಒತ್ತುವುದಕ್ಕೆ ನಾನು ತೆಗೆದುಕೊಂಡ ಸಮಯ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು. ಇಲ್ಲಿ ಆತುರಪಟ್ಟರೆ ಐಲೆಟ್ಟೇ ಗೀರಿ ಹೋಗುತ್ತದೆ. ಈ ಬುಶ್ ಒಣಗಿಯೇ ಕೆಲಸ ಮಾಡುವಂಥದ್ದು, ಗ್ರೀಸ್ ಬೇಡ. ಬುಶ್‌ನೊಳಗೆ ಹಾಯುವ ಪಿನ್ ಬಿಗಿಯಾಗಿ, ಆದರೆ ಸುತ್ತಿಗೆಯ ಏಟಿಲ್ಲದೆ ಕೂತಿತು.

ಶಾಕ್ ಹೊರಗಿದ್ದಾಗಲೇ ಎರಡನೆಯ ಸದ್ದಿನ ಪರೀಕ್ಷೆ ಮಾಡಬೇಕು. ಹಿಂದಿನ ತ್ರಿಕೋನವನ್ನು, ಅಂದರೆ ಹಿಂಚಕ್ರವನ್ನು ಹಿಡಿದಿರುವ ಫ್ರೇಮಿನ ಚಲಿಸುವ ಭಾಗವನ್ನು, ಬರಿಗೈಯಲ್ಲಿ ಮೇಲೆ ಕೆಳಗೆ ಆಡಿಸಿದೆ. ಶಾಕ್ ಇಲ್ಲದೆಯೂ ‘ಕಿರ್ರ್’ ಬಂತು! ಕ್ರ್ಯಾಂಕಿನ ಹತ್ತಿರದ ಮುಖ್ಯ ಕೀಲಿನಲ್ಲಿ ಮರಳು ಅರೆದಂಥ ಸ್ಪರ್ಶವೂ ಇತ್ತು. ಕೀಲು ಬಿಚ್ಚಿ ಬೇರಿಂಗ್‌ನ ಸೀಲನ್ನು ಸೂಜಿಯಿಂದ ಎಬ್ಬಿಸಿದಾಗ ಒಳಗೆ ಗ್ರೀಸ್ ಇರಲಿಲ್ಲ. ಕಂದು ತುಕ್ಕು ಮಾತ್ರ ಇತ್ತು. ಸಕಲೇಶಪುರದಿಂದ ಬಂದ ದಿನ ನಾನು ಜೋರು ನೀರಿನ ಪೈಪಿನಿಂದ ಕೆಸರು ತೊಳೆದಿದ್ದೆ. ಆ ನೀರು ಸೀಲನ್ನು ದಾಟಿ ಒಳಗೇ ಉಳಿದಿರಬೇಕು.

ಬೇರಿಂಗ್ ಸಂಖ್ಯೆ 6902, ಅಂದರೆ ಒಳವ್ಯಾಸ 15, ಹೊರವ್ಯಾಸ 28, ದಪ್ಪ 7 ಮಿಲಿಮೀಟರ್. ಈ ಸಂಖ್ಯೆಯದು ಬೇರಿಂಗ್ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಸಾಮಾನ್ಯ ಬೇರಿಂಗ್‌ನಲ್ಲಿ ಗುಂಡುಗಳನ್ನು ದೂರ ದೂರ ಹಿಡಿಯುವ ಪಂಜರವಿದ್ದು ಗುಂಡುಗಳ ಸಂಖ್ಯೆ ಕಡಿಮೆ. ವೇಗವಾಗಿ ಸುತ್ತುವ ಚಕ್ರಕ್ಕೆ ಅದು ಸರಿ. ಕೆಲವೇ ಡಿಗ್ರಿ ತಿರುಗಿ ಭಾರೀ ಹೊರೆ ಹೊರುವ ಕೀಲಿಗೆ, ಪಂಜರವಿಲ್ಲದೆ ಗುಂಡುಗಳನ್ನೇ ತುಂಬಿದ ‘ಮ್ಯಾಕ್ಸ್’ ಬಗೆಯದು ಬೇಕು. ಅದಕ್ಕಾಗಿ ಹನ್ನೆರಡು ದಿನ ಕಾದೆ. ಹಾಗೆ ಕಾದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಒತ್ತಿ ಕೂರಿಸುವಾಗ ಬಲವೆಲ್ಲ ಹೊರಬಳೆಯ ಮೇಲೆ ಬೀಳುವಂತೆ ಸಾಕೆಟ್ ಆರಿಸಿಕೊಂಡೆ, ಏಕೆಂದರೆ ಒಳಬಳೆಯನ್ನು ಒತ್ತಿದರೆ ಗುಂಡುಗಳು ಓಡುವ ದಾರಿ ತಗ್ಗು ಬೀಳುತ್ತದೆ. ಕೀಲಿನ ಬೋಲ್ಟ್‌ನ ಎಳೆಗಳಿಗೆ ಅವು ತಾವಾಗಿ ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್ ಲಾಕರ್ ಹಚ್ಚಿ, ಬೋಲ್ಟ್‌ನ ತಲೆಯ ಮೇಲೆ ನಮೂದಿಸಿದ್ದ 15 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚಿನಿಂದ ಬಿಗಿದೆ.

ಉಳಿದದ್ದು ‘ಬುಸ್’. ಶಾಕ್ ಹಿಗ್ಗುವಾಗ ಎಣ್ಣೆ ಕಿರಿದಾದ ಕಿಂಡಿಗಳ ಮೂಲಕ ನುಗ್ಗಬೇಕಾಗುತ್ತದೆ. ಆ ನುಗ್ಗುವಿಕೆಯ ಸದ್ದೇ ಇದು. ಶಾಕ್ ಹಿಗ್ಗುವ ವೇಗವನ್ನು ಹೊಂದಿಸುವ ರಿಬೌಂಡ್ ಗುಂಡಿಯನ್ನು ತಿರುಗಿಸಿದಂತೆ ಅದು ಹೆಚ್ಚುಕಡಿಮೆಯಾಗುತ್ತಿತ್ತು, ಮತ್ತು ಗೆಳೆಯನ ಬಳಿಯಿದ್ದ ಇದೇ ಮಾದರಿಯ ಶಾಕ್‌ನಲ್ಲಿಯೂ ಇತ್ತು. ಚಿಂತಿಸಬೇಕಾದ ಲಕ್ಷಣಗಳು ಬೇರೆ: ಗಾಳಿ ಬೆರೆತ ಎಣ್ಣೆಯ ‘ಗುಳುಗುಳು’, ಕುಗ್ಗಿದ ನಡುದಾರಿಯಲ್ಲಿ ಹಿಡಿತ ಥಟ್ಟನೆ ತಪ್ಪುವುದು, ದಂಡದ ಮೇಲೆ ಎಣ್ಣೆಯ ಪಸೆ ಮತ್ತೆ ಮತ್ತೆ ಕಾಣುವುದು. ಅವು ನನ್ನ ಶಾಕ್‌ನಲ್ಲಿ ಇರಲಿಲ್ಲ. ಇದ್ದಿದ್ದರೂ ಎಣ್ಣೆಯಿರುವ ಡ್ಯಾಂಪರ್ ಭಾಗವನ್ನು ನಾನು ಮನೆಯಲ್ಲಿ ಬಿಚ್ಚುತ್ತಿರಲಿಲ್ಲ. ಅನೇಕ ಶಾಕ್‌ಗಳಲ್ಲಿ ಅಲ್ಲಿ ಒತ್ತಡದ ನೈಟ್ರೋಜನ್ ತುಂಬಿರುತ್ತದೆ. ಶಾಕ್‌ಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಗಾಳಿಯ ಡಬ್ಬಿಯ ಮಾತು ಬೇರೆ. ಶಾಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿ ಅದಕ್ಕೆ 50 ಗಂಟೆಗೊಮ್ಮೆ ಸರ್ವಿಸ್ ಹೇಳುತ್ತದೆ, ಅದನ್ನು ನಾನೇ ಮಾಡಿದೆ. ಗಾಳಿ ಬಿಟ್ಟ ಮೇಲೂ ಶಾಕ್ ಕುಗ್ಗಿಯೇ ಇದ್ದು ಹಿಗ್ಗದಿದ್ದರೆ ಮಾತ್ರ ಒಳಗೆ ಒತ್ತಡ ಸಿಕ್ಕಿಕೊಂಡಿದೆಯೆಂದು ತಿಳಿದು, ಡಬ್ಬಿಯ ಎಳೆಯನ್ನು ಮುಟ್ಟಲೇಬಾರದು.

ಎಲ್ಲವನ್ನೂ ಜೋಡಿಸಿ, ಗಾಳಿ ತುಂಬುವಾಗ ನಡುನಡುವೆ ಶಾಕ್ ಅನ್ನು ಮೆಲ್ಲನೆ ಕುಗ್ಗಿಸಿ ಗಾಳಿಯ ಡಬ್ಬಿಯೊಳಗಿನ ಎರಡೂ ಕೋಣೆಗಳ ಒತ್ತಡ ಸಮವಾಗಲು ಬಿಟ್ಟೆ. ಸವಾರಿಯ ಉಡುಪಿನಲ್ಲಿ ಕೂತಾಗ ಶಾಕ್ 14 ಮಿಲಿಮೀಟರ್ ಕುಗ್ಗುವಂತೆ ಹೊಂದಿಸಿದೆ. ಇದು ಅದರ ಪೂರ್ತಿ ಚಲನೆಯಾದ 50 ಮಿಲಿಮೀಟರ್‌ನಲ್ಲಿ ಶೇಕಡ 28. ಅದೇ ಬಂಡೆಗಳನ್ನು ಮತ್ತೆ ಇಳಿದಾಗ ‘ಬುಸ್’ ಒಂದೇ ಕೇಳಿಸಿತು. ಎರಡು ಸವಾರಿಗಳ ನಂತರ ಬೋಲ್ಟ್‌ಗಳನ್ನು ಮತ್ತೆ ಪರೀಕ್ಷಿಸಿದೆ. ಕೆಳಗಿನ ಐಲೆಟ್‌ನದು ಮಾತ್ರ ಕೊಂಚ ತಿರುಗಿತು; ಅದನ್ನು ಬಿಗಿದ ಮೇಲೆ, ಮುಂದಿನ ಎರಡು ತಿಂಗಳು ಯಾವುದೂ ಅಲುಗಿಲ್ಲ.