ಬಿಇ, ಬಿಸಿಎ ಓದಿಗೆ ಸ್ಕಾಲರ್‌ಶಿಪ್: ಅರ್ಜಿಗೂ ಮುಂಚೆ ಆಧಾರ್ ನೋಡಿಕೊಳ್ಳಿ

ಬಳ್ಳಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಸೀಟು ಸಿಕ್ಕಿದೆ. ಇಲ್ಲವೇ ಕೊಪ್ಪಳ, ರಾಯಚೂರಿನ ಡಿಗ್ರಿ ಕಾಲೇಜಿನಲ್ಲಿ ಬಿಸಿಎ ಸೇರಿದ್ದೀರಿ. ಮನೆಯಲ್ಲಿ ಈಗ ಫೀಸಿನದೇ ಮಾತು. ಸ್ಕಾಲರ್‌ಶಿಪ್‌ಗಳಿಗೇನೂ ಬರವಿಲ್ಲ. ಆದರೆ ಅರ್ಹತೆ ಇದ್ದವರ ಅರ್ಜಿಯೂ ಹೆಸರು, ಮೊಬೈಲ್ ನಂಬರ್, ಬ್ಯಾಂಕ್ ಖಾತೆ ತಾಳೆಯಾಗದೆ ನಿಂತುಬಿಡುತ್ತದೆ. ಹಾಗಾಗಿ ಯೋಜನೆಗಳ ಹೆಸರು ಆಮೇಲೆ. ಮೊದಲು ಇವನ್ನು ಸರಿ ಮಾಡಿಕೊಳ್ಳಿ.

ಆಧಾರ್ ಮತ್ತು ಬ್ಯಾಂಕ್

ಮಕ್ಕಳ ಆಧಾರ್‌ಗೆ ಅಪ್ಪನ ಮೊಬೈಲ್ ನಂಬರ್ ಕೊಟ್ಟಿರುವುದು ನಮ್ಮ ಕಡೆ ಮಾಮೂಲಿ. ಅಪ್ಪ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ಇಲ್ಲಿ ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬುತ್ತಿದ್ದರೆ ಒಟಿಪಿ ಅಲ್ಲಿ ಅವರ ಫೋನಿಗೆ ಹೋಗುತ್ತದೆ. ಕೆಲಸದ ನಡುವೆ ಅವರು ನೋಡಿ ಹೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮದೇ ನಂಬರ್ ಹಾಕಿಸಿಕೊಳ್ಳಿ. ಹಾಗೇ ಆಧಾರ್ ಕಾರ್ಡನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪಕ್ಕ ಇಟ್ಟು ಹೆಸರು ಓದಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ತಕರಾರು ಬರಬಹುದು. ಅಂಕಪಟ್ಟಿಯ ತಂಟೆಗೆ ಹೋಗಬೇಡಿ, ಆಧಾರ್ ತಿದ್ದಿಸಿ. ಅದೇ ಸುಲಭ.

ಇನ್ನು ಬ್ಯಾಂಕ್. ಅರ್ಜಿಯಲ್ಲಿ ಬರೆದ ಖಾತೆಗೇ ದುಡ್ಡು ಬರುತ್ತದೆ ಎಂದು ಎಷ್ಟೋ ಜನ ಅಂದುಕೊಂಡಿರುತ್ತಾರೆ. ಆಧಾರ್ ಮೂಲಕ ಸರ್ಕಾರ ನೇರ ಖಾತೆಗೆ ಹಾಕುವ ಡಿಬಿಟಿ ಹಣ ಹಾಗಲ್ಲ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಜೋಡಣೆ, ಅಂದರೆ ಮ್ಯಾಪಿಂಗ್ ಇಲ್ಲವೇ ಸೀಡಿಂಗ್, ಆಗಿರುವ ಖಾತೆಗೆ ಹೋಗುತ್ತದೆ. ಒಂದು ಆಧಾರ್‌ಗೆ ಅಂಥ ಖಾತೆ ಒಂದೇ. ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದು. ಸಿಮ್ ಅಂಗಡಿಯಲ್ಲಿ ಬೆರಳೊತ್ತಿ ತೆರೆದು ಮರೆತುಬಿಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಅದಾಗಿರಬಹುದು! ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ಬೇರೆ ಬ್ಯಾಂಕ್ ಕಂಡರೆ ನೀವು ಬಳಸುವ ಬ್ಯಾಂಕಿಗೆ ಹೋಗಿ ಸೀಡಿಂಗ್ ಫಾರಂ ಕೊಡಿ. ‘ಆಧಾರ್ ಲಿಂಕ್ ಆಗಿದೆ’ ಎಂದು ಕೌಂಟರ್‌ನಲ್ಲಿ ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ಮ್ಯಾಪಿಂಗ್ ಆಗಿದೆಯಾ ಎಂದೇ ಕೇಳಿ. ಎರಡೂ ಬೇರೆ.

ನಾಡಕಚೇರಿ ಕಾಗದ

ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಎಂದು ಶುರುವಾಗುವ ನಂಬರ್ ಇರುತ್ತದೆ. ಅರ್ಜಿಗೆ ಬೇಕಾಗುವುದು ಅದು. ಆದಾಯ ಪತ್ರಕ್ಕೆ ಐದು ವರ್ಷ ಆಯಸ್ಸು. ಹೈಸ್ಕೂಲಿನಲ್ಲಿ ಮಾಡಿಸಿದ್ದಾದರೆ ತಾರೀಖು ನೋಡಿಕೊಳ್ಳಿ.

371ಜೆ ಪ್ರಮಾಣಪತ್ರ ಇದ್ದರೆ ಸ್ಕಾಲರ್‌ಶಿಪ್ ಸಿಗುತ್ತಾ ಎಂದು ಕೇಳುವವರಿದ್ದಾರೆ. ಇಲ್ಲ. ಅದು ಕಲ್ಯಾಣ ಕರ್ನಾಟಕದವರಿಗೆ ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಕೊಡುತ್ತದೆ, ಫೀಸು ಕಟ್ಟುವುದಿಲ್ಲ.

ರಾಜ್ಯದ ಅರ್ಜಿ, ಕೇಂದ್ರದ ಅರ್ಜಿ

ರಾಜ್ಯದ್ದು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಹೀಗೆ ಹಲವು ಇಲಾಖೆಗಳಿಗೆ ಅದೇ ಬಾಗಿಲು. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರ ಇಟ್ಟ ಆದಾಯ ಮಿತಿ 2.5 ಲಕ್ಷ ರೂಪಾಯಿ. ಬೇರೆ ವರ್ಗಗಳಿಗೆ ಮಿತಿ ಬೇರೆ ಬೇರೆ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ‘ವಿದ್ಯಾಸಿರಿ’ ಕೇಳಿ. ಊಟ, ವಸತಿಗೆಂದು ಹತ್ತು ತಿಂಗಳು ಹಣ ಕೊಡುವ ಯೋಜನೆ ಅದು. ಅಪ್ಪ ಅಥವಾ ಅಮ್ಮನಿಗೆ ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಇದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವನ್ನೂ ವಿಚಾರಿಸಿ.

ಕೇಂದ್ರದ್ದು ಎನ್‌ಎಸ್‌ಪಿ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್. ಇಲ್ಲಿ ಮೊದಲು ಒಟಿಆರ್ ಎಂಬ ಒಂದು ಸಲದ ನೋಂದಣಿ ಮಾಡಬೇಕು. ಫೋನಿನಲ್ಲಿ ಮುಖ ತೋರಿಸಿ ದೃಢಪಡಿಸುವ ಕೆಲಸವೂ ಇದೆ, ಒಳ್ಳೆ ಬೆಳಕಿನಲ್ಲಿ ಕೂತು ಮಾಡಿ. ಕಂಪ್ಯೂಟರ್ ಬಿಇ ಓದುವ ಹುಡುಗಿಯರು ಮೊದಲು ನೋಡಬೇಕಾದದ್ದು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ‘ಪ್ರಗತಿ’. ವರ್ಷಕ್ಕೆ 50,000 ರೂಪಾಯಿ, ಮನೆಯ ಆದಾಯ 8 ಲಕ್ಷದೊಳಗೆ ಇರಬೇಕು, ಒಂದು ಮನೆಯಿಂದ ಇಬ್ಬರಿಗೆ ಅವಕಾಶ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು ಆ ವರ್ಷ ಹಾಕಬಹುದು. 40 ಪರ್ಸೆಂಟ್ ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇಷ್ಟೇ ಮೊತ್ತದ ‘ಸಕ್ಷಮ್’ ಇದೆ.

ಬಿಸಿಎ, ಬಿಎಸ್ಸಿಯವರು ಬೇಜಾರಾಗಬೇಡಿ. ಪಿಯುಸಿಯಲ್ಲಿ ನಿಮ್ಮ ವಿಭಾಗದ 80ನೇ ಪರ್ಸೆಂಟೈಲ್ ದಾಟಿದ್ದು (ಅಂದರೆ ಅಂಕದಲ್ಲಿ ಮೇಲಿನ ಶೇ 20ರೊಳಗಿದ್ದು), ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಕಾಲೇಜು ವಿದ್ಯಾರ್ಥಿಗಳಿಗೆಂದು ಕೇಂದ್ರ ಕೊಡುವ ಸಿಎಸ್‌ಎಸ್‌ಎಸ್ ಸ್ಕಾಲರ್‌ಶಿಪ್‌ಗೆ ಹಾಕಿ. ಮೂರು ವರ್ಷ ತಲಾ 12,000 ರೂಪಾಯಿ. ಬಿಇಯವರಿಗೂ ಇದು ಉಂಟು, ನಾಲ್ಕನೇ ವರ್ಷ 20,000. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ನಮ್ಮ ಹಳ್ಳಿಗಳ ಹುಡುಗಿಯರಲ್ಲಿ ಬಹಳ ಮಂದಿ ಈ ಲೆಕ್ಕಕ್ಕೆ ಬರುತ್ತಾರೆ. ಆದರೂ ಇದರ ಹೆಸರು ಕೇಳಿದವರು ಕಡಿಮೆ.

ಸಿಇಟಿ ಇನ್ನೂ ಬರೆಯದವರಿಗೆ ಒಂದು ಮಾತು. ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ, ಅಂದರೆ ಹೆಚ್ಚುವರಿ ಸೀಟು) ಸೀಟಿನಲ್ಲಿ ಟ್ಯೂಷನ್ ಫೀ ಮನ್ನಾ ಆಗುತ್ತದೆ. ಅದನ್ನು ಸಿಇಟಿ ಹಂತದಲ್ಲೇ ಕೇಳಬೇಕು, ಕಾಲೇಜು ಸೇರಿದ ಮೇಲೆ ಸಿಗುವುದಿಲ್ಲ.

ಎಲ್ಲದಕ್ಕೂ ಅರ್ಜಿ ಹಾಕಿ ಬಂದದ್ದನ್ನೆಲ್ಲ ಇಟ್ಟುಕೊಳ್ಳುತ್ತೇನೆ ಎಂದರೆ ಆಗದು. ಸರ್ಕಾರದ ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ‘ಪ್ರಗತಿ’ ಇಲ್ಲ. ಯಾವುದರಲ್ಲಿ ಮೊತ್ತ ಜಾಸ್ತಿ, ಯಾವುದು ಕೊನೆಯ ವರ್ಷದವರೆಗೂ ಬರುತ್ತದೆ ಎಂದು ಕೂತು ಲೆಕ್ಕ ಹಾಕಿ.

ಸಬ್ಮಿಟ್ ಒತ್ತಿದ ಮೇಲೆ

ಕೆಲಸ ಮುಗಿಯಿತು ಎಂದು ಮನೆಗೆ ಹೋಗುವವರೇ ಹೆಚ್ಚು. ಎನ್‌ಎಸ್‌ಪಿ ಅರ್ಜಿಯನ್ನು ಕಾಲೇಜಿನ ನೋಡಲ್ ಅಧಿಕಾರಿ ತಮ್ಮ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದೆ ಕಳಿಸಬೇಕು. ಎಸ್‌ಎಸ್‌ಪಿಗಾದರೆ ದಾಖಲೆಗಳಿಗೆ ಇ-ದೃಢೀಕರಣ ಬೇಕು. ಕಾಲೇಜಿನ ಕಚೇರಿಯಲ್ಲಿ ಈ ಕೆಲಸ ಯಾರ ಕೈಲಿದೆ ಎಂದು ಮೊದಲೇ ತಿಳಿದುಕೊಳ್ಳಿ. ಕೊನೆಯ ವಾರದಲ್ಲಿ ಅವರ ಮೇಜಿನ ಮುಂದೆ ದೊಡ್ಡ ಸಾಲು ಇರುತ್ತದೆ, ಸರ್ವರ್ ಕೂಡ ಆಗಲೇ ಕೈಕೊಡುತ್ತದೆ. ಪೋರ್ಟಲ್‌ನಲ್ಲಿ ಸ್ಟೇಟಸ್ ನೋಡುತ್ತಿರಿ. ‘ಡಿಫೆಕ್ಟಿವ್’ ಎಂದು ವಾಪಸ್ ಬಂದರೆ ತಿದ್ದಿ ಕಳಿಸಲು ಅವಕಾಶವಿದೆ, ಆದರೆ ಅದಕ್ಕೂ ಕೊನೇ ದಿನಾಂಕ ಇರುತ್ತದೆ.

ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೆ ಐಡಿ, ಪಾಸ್‌ವರ್ಡ್ ಬರೆಸಿಕೊಂಡು ಬನ್ನಿ. ಮುಂದಿನ ವರ್ಷ ನವೀಕರಣಕ್ಕೆ ಅದೇ ಬೇಕು. ಸಿಎಸ್‌ಎಸ್‌ಎಸ್ ಮುಂದುವರಿಯಬೇಕಾದರೆ 50 ಪರ್ಸೆಂಟ್ ಅಂಕ, 75 ಪರ್ಸೆಂಟ್ ಹಾಜರಾತಿ ಇರಲೇಬೇಕು. ‘ಪ್ರಗತಿ’ಗೆ ಮುಂದಿನ ವರ್ಷಕ್ಕೆ ಪಾಸಾದ ಪತ್ರ ಬೇಕು, ಅದನ್ನು ಕಾಲೇಜಿನಿಂದ ಪಡೆದುಕೊಳ್ಳಿ.