ಕಂಡ ಪುಟವನ್ನೇ ತೋರಿಸುವುದು: ಉಲ್ಲೇಖ ಬರೆಯುವ ನನ್ನ ಕ್ರಮ

ವಿಜಯನಗರ ಕಾಲದ ನೀರಾವರಿಯ ಬಗ್ಗೆ ಓದುವವರಿಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಕೆರೆ ಕಟ್ಟಲು ಸಾವಿರ ಆಳುಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷದ ಕೆಲಸ. ಹಳೆಯ ಮೈಸೂರು ಸೀಮೆಯ ಕೆರೆಗಳ ಮೇಲೆ ಮಹಾಪ್ರಬಂಧ ಬರೆಯುವಾಗ ಈ ಮಾತು ನನಗೂ ಬೇಕಿತ್ತು. ಕೈಯಲ್ಲಿದ್ದ ಪುಸ್ತಕದ ಅಡಿಟಿಪ್ಪಣಿ ಇನ್ನೊಂದು ಪುಸ್ತಕದತ್ತ ಬೆರಳು ಮಾಡುತ್ತಿತ್ತು. ಅದನ್ನು ತೆಗೆದರೆ ಮತ್ತೊಂದರತ್ತ. ಆ ಮತ್ತೊಂದರಲ್ಲಿ ಟಿಪ್ಪಣಿಯೇ ಇರಲಿಲ್ಲ. ಹುಡುಕುತ್ತ ಹೋಗಿ ಕೊನೆಗೆ ಭಾರತದ ಶಾಸನಗಳ ಸಂಪುಟಮಾಲೆಯಾದ ‘ಎಪಿಗ್ರಾಫಿಯಾ ಇಂಡಿಕಾ’ದ 14ನೆಯ ಸಂಪುಟವನ್ನು ಗ್ರಂಥಾಲಯದ ಆಕರ ವಿಭಾಗದಲ್ಲಿ ತೆಗೆಸಿದೆ.

ಮೂಲ ಅಲ್ಲಿತ್ತು. ಪೊರುಮಾಮಿಳ್ಳದ ಕೆರೆ ಶಾಸನ, ಸಂಪಾದಕರು ವಿ.ಎಸ್. ಸುಕ್ತಂಕರ್. ಕಾಲ ಶಕ 1291, ಅಂದರೆ ಕ್ರಿ.ಶ. 1369. ಭಾಷೆ ಸಂಸ್ಕೃತ. ಕೆರೆ ಕಟ್ಟಿಸಿದವನು ಒಂದನೆಯ ಬುಕ್ಕನ ಮಗ ಭಾಸ್ಕರ ಭವದೂರ. ಊರು ಆಂಧ್ರದ ಕಡಪ ಸೀಮೆಯದು. ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳು, ಇರಬಾರದ ಆರು ದೋಷಗಳು ಎಂದು ಶಾಸನವೇ ಎಣಿಸಿ ಹೇಳುತ್ತದೆ. ಸಾವಿರ ಆಳು, ನೂರು ಬಂಡಿಗಳ ಲೆಕ್ಕವೂ ಅಲ್ಲಿಯದೇ. ಒಂದೂರಿನ ಒಂದು ಕೆರೆಯ ಲೆಕ್ಕ ಪುಸ್ತಕದಿಂದ ಪುಸ್ತಕಕ್ಕೆ ದಾಟುವಾಗ ಊರನ್ನೂ ಕಾಲವನ್ನೂ ಕಳೆದುಕೊಂಡು, ವಿಜಯನಗರದ ಕೆರೆಗಳೆಲ್ಲದರ ಲೆಕ್ಕವೆಂಬಂತೆ ಓಡಾಡುತ್ತಿತ್ತು.

ಅಂದಿನಿಂದ ನಾನು ಪಾಲಿಸುತ್ತ ಬಂದಿರುವುದು ಒಂದೇ ನಿಯಮ. ಯಾವ ಪುಟವನ್ನು ನನ್ನ ಕಣ್ಣಿಂದ ನೋಡಿದ್ದೇನೋ ಆ ಪುಟವನ್ನು ಮಾತ್ರ ಉಲ್ಲೇಖಿಸುತ್ತೇನೆ. ಓದುಗರು ಅದೇ ಪುಟಕ್ಕೆ ಹೋಗಿ ನಿಲ್ಲುವಷ್ಟು ವಿವರ ಕೊಡುತ್ತೇನೆ. ಈಗ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ನೋಡುವಾಗಲೂ ಮೊದಲು ಕೇಳುವುದು ಇದನ್ನೇ: ‘ಇದನ್ನು ಎಲ್ಲಿ ನೋಡಿದಿರಿ?’ ಅಲ್ಪವಿರಾಮ ಎಲ್ಲಿ ಬರಬೇಕು, ಶೀರ್ಷಿಕೆ ಓರೆಯಾಗಿರಬೇಕೇ ಎಂಬುದೆಲ್ಲ ಆಮೇಲಿನ ಮಾತು.

ಮೂಲವನ್ನು ನೋಡಲು ಆಗದಿದ್ದರೆ? ಆಗದೇ ಇರುವುದು ಸಹಜ, ಅದಕ್ಕೂ ನೇರವಾದ ದಾರಿಯಿದೆ. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯ ಕೆಲಸವನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡು ಬರೆದಿದ್ದಾನೆ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡು, ಕಾಲಡಿಯ ನೆಲವೇ ಕಾಣಿಸುತ್ತಿರಲಿಲ್ಲ ಎನ್ನುತ್ತಾನೆ. ಅವನ ಪೋರ್ಚುಗೀಸ್ ಪಠ್ಯ ಲಿಸ್ಬನ್‌ನಲ್ಲಿ 1897ರಲ್ಲಿ ಅಚ್ಚಾಯಿತು. ನಾನು ಓದಿದ್ದು ಅದನ್ನಲ್ಲ, ರಾಬರ್ಟ್ ಸೀವೆಲ್ 1900ರಲ್ಲಿ ಲಂಡನ್‌ನಲ್ಲಿ ಪ್ರಕಟಿಸಿದ ‘ಎ ಫರ್ಗಾಟನ್ ಎಂಪೈರ್’ ಗ್ರಂಥದಲ್ಲಿರುವ ಇಂಗ್ಲಿಷ್ ಅನುವಾದವನ್ನು. ಆದ್ದರಿಂದ ನನ್ನ ಟಿಪ್ಪಣಿ ಹೀಗಿತ್ತು: ಡೊಮಿಂಗೊ ಪಾಯೆಸ್‌ನ ವೃತ್ತಾಂತ, ಉಲ್ಲೇಖ: ರಾಬರ್ಟ್ ಸೀವೆಲ್, ಎ ಫರ್ಗಾಟನ್ ಎಂಪೈರ್, ಲಂಡನ್, 1900, ಮುಂದೆ ಪುಟಸಂಖ್ಯೆ, ಕೊನೆಯಲ್ಲಿ ‘ಕನ್ನಡಾನುವಾದ ನನ್ನದು’. ಈ ಕೊನೆಯ ಎರಡು ಪದಗಳನ್ನು ನಮ್ಮಲ್ಲಿ ತುಂಬ ಜನ ಬರೆಯುವುದೇ ಇಲ್ಲ. ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆ ಇವು ಬಹಳ ಮುಖ್ಯ. ಉದ್ಧರಣ ಚಿಹ್ನೆಯೊಳಗಿನ ಕನ್ನಡ ಪಾಯೆಸ್‌ನದೂ ಅಲ್ಲ, ಸೀವೆಲ್‌ನದೂ ಅಲ್ಲ. ಅನುವಾದದಲ್ಲಿ ತಪ್ಪಿದ್ದರೆ ಹೊಣೆ ಯಾರದೆಂದು ಓದುಗರಿಗೆ ತಿಳಿಯಬೇಕು.

ಶಾಸನಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇತಿಹಾಸ ಮತ್ತು ಕನ್ನಡ ಎಂ.ಎ. ವಿದ್ಯಾರ್ಥಿಗಳು ಇದನ್ನು ಮೊದಲ ವರ್ಷದಲ್ಲೇ ತಿಳಿದುಕೊಂಡರೆ ಮುಂದೆ ಬಹಳಷ್ಟು ಅಲೆದಾಟ ತಪ್ಪುತ್ತದೆ. ಕರ್ನಾಟಕದ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ (ಎ.ಕ.) ಸಂಪುಟಗಳನ್ನು ಬಿ.ಎಲ್. ರೈಸ್ 1886ರಿಂದ ಹೊರತಂದರು, ಜಿಲ್ಲಾವಾರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರಲು ತೊಡಗಿತು. ಎರಡರಲ್ಲೂ ಸಂಪುಟಗಳ ಹಂಚಿಕೆ ಬೇರೆ, ಶಾಸನಗಳ ಸಂಖ್ಯೆಯೂ ಬೇರೆ. ಬರೀ ‘ಎ.ಕ. 9’ ಎಂದು ಬರೆದರೆ, ರೈಸ್‌ನ ಸಂಪುಟವಾದರೆ ಅದು ಬೆಂಗಳೂರು ಜಿಲ್ಲೆ. ಪರಿಷ್ಕೃತ ಸಂಪುಟವಾದರೆ ಬೇಲೂರು. ಬೇಲೂರಿನ ಶಾಸನಗಳು ರೈಸ್‌ನಲ್ಲಿ ಹಾಸನ ಜಿಲ್ಲೆಯ ಐದನೆಯ ಸಂಪುಟದಲ್ಲಿವೆ. ಹಾಗಾಗಿ ‘ಹಳೆಯ’ ಅಥವಾ ‘ಪರಿಷ್ಕೃತ’ ಎಂಬ ಮಾತು, ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಈ ನಾಲ್ಕೂ ನನ್ನ ಟಿಪ್ಪಣಿಯಲ್ಲಿ ಕಡ್ಡಾಯ. ಪುಟಸಂಖ್ಯೆಯೊಂದನ್ನೇ ನಂಬಿಕೊಂಡರೆ ಕೆಲಸ ಕೆಡುತ್ತದೆ, ಏಕೆಂದರೆ ಹಳೆಯ ಸಂಪುಟಗಳಲ್ಲಿ ಪೀಠಿಕೆ, ಲಿಪ್ಯಂತರ, ಅನುವಾದ, ಕನ್ನಡ ಪಾಠ ಇವಕ್ಕೆಲ್ಲ ಪುಟಗಳ ಎಣಿಕೆ ಬೇರೆ ಬೇರೆ. ಒಂದೇ ಸಂಪುಟದಲ್ಲಿ ‘45ನೆಯ ಪುಟ’ ಒಂದಕ್ಕಿಂತ ಹೆಚ್ಚು ಇರಬಹುದು. ಅಂತರಜಾಲದಲ್ಲಿ ಸಿಗುವ ಸ್ಕ್ಯಾನ್ ಪ್ರತಿಗಳಲ್ಲಿ ಕಂಪ್ಯೂಟರ್ ತೋರಿಸುವ ಪುಟಸಂಖ್ಯೆ ಇವು ಯಾವುದಕ್ಕೂ ಹೊಂದುವುದಿಲ್ಲ. ಕಾಗದದ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೇ ಬರೆಯಬೇಕು.

ಹಳಗನ್ನಡ, ನಡುಗನ್ನಡ ಕಾವ್ಯಗಳಿಗೂ ಇದೇ ನ್ಯಾಯ. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯಸಂಖ್ಯೆ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಇಷ್ಟಿದ್ದರೆ ಯಾವ ಮುದ್ರಣ ಹಿಡಿದವರಿಗೂ ಪದ್ಯ ಸಿಗುತ್ತದೆ. ವಚನಗಳು ಹಾಗಲ್ಲ. ವಚನದ ಸಂಖ್ಯೆಯನ್ನು ಕೊಟ್ಟವರು ಸಂಪಾದಕರು, ಆದ್ದರಿಂದ ಸಂಪಾದಕರ ಹೆಸರು ಮತ್ತು ಮುದ್ರಣದ ವರ್ಷ ಹೇಳದೆ ‘ವಚನ 120’ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಇವೆಲ್ಲ ಸರಿಯಾಗುವುದು ಬರೆಯುವಾಗ ಅಲ್ಲ, ಟಿಪ್ಪಣಿ ಮಾಡಿಕೊಳ್ಳುವಾಗ. ಪುಸ್ತಕ ಕೈಗೆ ಬಂದ ಕೂಡಲೇ ಮೊಬೈಲ್‌ನಲ್ಲಿ ಅದರ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯ ಚಿತ್ರ ತೆಗೆದುಕೊಳ್ಳುತ್ತೇನೆ. ಪ್ರಕಾಶಕರು, ಮೊದಲ ಮುದ್ರಣದ ವರ್ಷ, ಮರುಮುದ್ರಣದ ವರ್ಷ ಎಲ್ಲ ಇರುವುದು ಆ ಹಿಂಬದಿಯಲ್ಲಿ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಮೊದಲು ಬಂದದ್ದು 1966ರಲ್ಲಿ. ಮರುಮುದ್ರಣವನ್ನು ಓದಿ ಆ ಮುದ್ರಣದ ವರ್ಷವನ್ನಷ್ಟೇ ಬರೆದರೆ ಆ ವಿಚಾರಗಳು ಯಾವಾಗ ಹುಟ್ಟಿದವು ಎಂಬ ಲೆಕ್ಕ ತಪ್ಪುತ್ತದೆ. 1966 ಎಂದಷ್ಟೇ ಬರೆದು ಮರುಮುದ್ರಣದ ಪುಟಸಂಖ್ಯೆ ಕೊಟ್ಟರೆ ಓದುಗರು ಬೇರೆಲ್ಲೋ ಹೋಗಿ ನಿಲ್ಲುತ್ತಾರೆ. ಎರಡೂ ವರ್ಷಗಳನ್ನು ಕೊಡುತ್ತೇನೆ.

ನೋಟ್ ಪುಸ್ತಕದಲ್ಲಿ ಮೂರು ಬಗೆಯ ಬರವಣಿಗೆ ಕಲಬೆರಕೆಯಾಗದಂತೆ ನೋಡಿಕೊಳ್ಳುತ್ತೇನೆ. ಪುಸ್ತಕದ ಮಾತು ಯಥಾವತ್ತಾಗಿದ್ದರೆ ಉದ್ಧರಣ ಚಿಹ್ನೆ, ಪುಟಸಂಖ್ಯೆ. ಅದರ ಸಾರವನ್ನು ನನ್ನ ಮಾತಿನಲ್ಲಿ ಬರೆದಿದ್ದರೆ ಅಂಚಿನಲ್ಲಿ ‘ಸಾ’ ಎಂಬ ಗುರುತು, ಜೊತೆಗೆ ಪುಟಸಂಖ್ಯೆ. ಓದುವಾಗ ನನಗೇ ಹೊಳೆದದ್ದಾದರೆ ಚೌಕ ಹಾಕಿ ಅದರೊಳಗೆ. ತಿಂಗಳುಗಳ ಮೇಲೆ ಆ ಪುಟ ತೆರೆದಾಗ ಯಾವುದು ಯಾರ ಮಾತು ಎಂದು ನೆನಪಿನಿಂದ ಹೇಳಲು ಯಾರಿಗೂ ಸಾಧ್ಯವಿಲ್ಲ. ಕೃತಿಚೌರ್ಯದ ಎಷ್ಟೋ ಪ್ರಸಂಗಗಳು ದುರುದ್ದೇಶದಿಂದ ಹುಟ್ಟುವುದಿಲ್ಲ, ಗುರುತು ಹಾಕದ ನೋಟ್ ಪುಸ್ತಕದಿಂದ ಹುಟ್ಟುತ್ತವೆ.

ಆದರೆ ತಿಳಿದೂ ಮಾಡುವ ಒಂದು ಬಗೆಯಿದೆ, ಅದರ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಇಂಗ್ಲಿಷ್ ಪುಸ್ತಕದ ಪ್ಯಾರಾಗಳನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ, ಮೂಲ ಹೇಳದೆ ಅಧ್ಯಾಯ ಮಾಡುವುದು. ‘ಕನ್ನಡದ ವಾಕ್ಯ ನಾನೇ ಬರೆದದ್ದಲ್ಲವೇ ಸರ್’ ಎಂದು ಕೇಳುತ್ತಾರೆ. ವಾಕ್ಯ ನಿಮ್ಮದು, ಆದರೆ ವಿಚಾರ, ಅದರ ಜೋಡಣೆ, ಅದಕ್ಕಾಗಿ ಆಕರಗಳನ್ನು ಹುಡುಕಿದ ಶ್ರಮ ಇನ್ನೊಬ್ಬರದು. ಹೋಲಿಕೆ ಪರೀಕ್ಷಿಸುವ ತಂತ್ರಾಂಶಗಳ ಕಣ್ಣಿಗೆ ಇಂಥ ಅನುವಾದ ಸುಲಭಕ್ಕೆ ಬೀಳುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ನಿಯಮಾವಳಿಯಲ್ಲಿ ಪ್ರಬಂಧಗಳಿಗೆ ಮಟ್ಟಗಳನ್ನು ಗೊತ್ತುಮಾಡಿದೆ: ಹೋಲಿಕೆ ಶೇ 10ರವರೆಗಿದ್ದರೆ ದಂಡವಿಲ್ಲ, 10ರಿಂದ 40ರವರೆಗಿದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಒಪ್ಪಿಸಬೇಕು, 40ರಿಂದ 60ರವರೆಗಿದ್ದರೆ ಒಂದು ವರ್ಷ ಮತ್ತೆ ಒಪ್ಪಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ ಭಾಗವಾಗಲಿ ಗ್ರಂಥಸೂಚಿಯಾಗಲಿ ಈ ಲೆಕ್ಕಕ್ಕೆ ಸೇರುವುದಿಲ್ಲ. ನಿಯಮ ಬೇಕು, ಒಪ್ಪುತ್ತೇನೆ. ಆದರೆ ಶೇ 8 ಬಂದಿದೆ ಎಂದು ನಿಶ್ಚಿಂತರಾಗುವ ವಿದ್ಯಾರ್ಥಿಗೆ ನಾನು ಹೇಳುವುದಿಷ್ಟೇ: ಯಂತ್ರ ನೋಡುವುದು ಪದಗಳ ಹೋಲಿಕೆಯನ್ನು, ನೀವು ಲೆಕ್ಕ ಒಪ್ಪಿಸಬೇಕಾದದ್ದು ವಿಚಾರದ ಮೂಲದ ಬಗ್ಗೆ. ಸಾರ ಬರೆದರೂ ಅಡಿಟಿಪ್ಪಣಿ ಬೇಕು. ಅನುವಾದಿಸಿದರೂ ಬೇಕು.

ಶೈಲಿಯ ಆಯ್ಕೆಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸಮಾಜವಿಜ್ಞಾನದವರು ಲೇಖಕ ಮತ್ತು ವರ್ಷವನ್ನು ಮುಂದಿಡುವ ಎಪಿಎ ಬಳಸುತ್ತಾರೆ, ಸಾಹಿತ್ಯದವರು ಲೇಖಕ ಮತ್ತು ಪುಟವನ್ನು ಮುಂದಿಡುವ ಎಂಎಲ್‌ಎ. ಶಾಸನದ ವಿವರ ಉದ್ದವಾಗಿರುವುದರಿಂದ ನನಗೆ ಅಡಿಟಿಪ್ಪಣಿಯೇ ಒಗ್ಗಿತು. ನಿಮ್ಮ ವಿಭಾಗ ಹೇಳಿದ್ದನ್ನು ಅನುಸರಿಸಿ, ಮೊದಲ ಪುಟದಿಂದ ಕೊನೆಯವರೆಗೆ ಅದೊಂದನ್ನೇ. ಹಿಂದೆ ಹೇಳಿದ ಪುಸ್ತಕವನ್ನೇ ಮತ್ತೆ ಸೂಚಿಸಲು ‘ಅದೇ’, ‘ಪೂರ್ವೋಕ್ತ’ ಎಂದು ಬರೆಯುವ ನಮ್ಮ ಹಳೆಯ ಪದ್ಧತಿಯನ್ನು ಮಾತ್ರ ನಾನು ಬಿಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಒಂದು ಪ್ಯಾರಾ ಮೇಲೆ ಕೆಳಗೆ ಮಾಡಿದರೂ ‘ಅದೇ’ ಬೇರೊಂದು ಪುಸ್ತಕದ ಕೆಳಗೆ ಹೋಗಿ ಕೂರುತ್ತದೆ. ಎರಡನೆಯ ಸಲದಿಂದ ಲೇಖಕರ ಹೆಸರು, ಚುಟುಕು ಶೀರ್ಷಿಕೆ, ಪುಟ ಎಂದು ಬರೆಯುತ್ತೇನೆ. ಉಲ್ಲೇಖ ಶೈಲಿಯ ಷಿಕಾಗೊ ಕೈಪಿಡಿಯೂ 2017ರ ಆವೃತ್ತಿಯಿಂದ ಇದನ್ನೇ ಮೆಚ್ಚುತ್ತದೆ.

ನಮ್ಮ ಹೆಸರುಗಳು ಈ ಪರದೇಶದ ಶೈಲಿಗಳಿಗೆ ಬಗ್ಗುವುದಿಲ್ಲ. ಉತ್ತರ ಕರ್ನಾಟಕದ ಕಲಬುರ್ಗಿ, ಬೇಂದ್ರೆ ಅಡ್ಡಹೆಸರುಗಳು, ಮುಂದೆ ಬಂದರೆ ಸರಿ. ಚಿದಾನಂದಮೂರ್ತಿ ಎಂಬುದು ಅಡ್ಡಹೆಸರಲ್ಲ, ಅವರದೇ ಹೆಸರು; ಅದಕ್ಕೂ ‘ಚಿದಾನಂದಮೂರ್ತಿ ಎಂ.’ ಎಂದೇ ಬರೆಯುತ್ತೇವೆ. ಕುವೆಂಪು ಕಾವ್ಯನಾಮದಡಿಯೇ ಇರಲಿ, ಪುಸ್ತಕದ ಶೀರ್ಷಿಕೆ ಪುಟದಲ್ಲಿ ಹಾಗೆಯೇ ಇರುವುದರಿಂದ. ನಾನು ಬಳಸುವ ಜೊಟೆರೊ, ಉಲ್ಲೇಖಗಳನ್ನು ಜೋಡಿಸಿಡುವ ಉಚಿತ ತಂತ್ರಾಂಶ. ಅದರಲ್ಲಿ ಲೇಖಕರ ಹೆಸರನ್ನು ಎರಡು ಭಾಗ ಮಾಡದೆ ಒಂದೇ ಅಂಕಣದಲ್ಲಿ ತುಂಬುವ ಅವಕಾಶವಿದೆ. ಕನ್ನಡ ಹೆಸರುಗಳಿಗೆ ಅದನ್ನೇ ಆರಿಸುತ್ತೇನೆ. ಬೆರಳಚ್ಚು ಆರಂಭದಿಂದಲೂ ಯೂನಿಕೋಡ್‌ನಲ್ಲೇ ಇರಲಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾದ ಗ್ರಂಥಸೂಚಿಯನ್ನು ಕಂಪ್ಯೂಟರ್ ಅಕಾರಾದಿಯಾಗಿ ಜೋಡಿಸಲಾರದು.

ಕ್ಷೇತ್ರಕಾರ್ಯದ ಮಾಹಿತಿಗೂ ಪುಸ್ತಕದಷ್ಟೇ ಗೌರವ ಸಲ್ಲಬೇಕು. ಕೋಲಾರ ಕಡೆಯ ಕೆರೆಗಳಲ್ಲಿ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗಳಿಂದ ನಾನು ಕಲಿತದ್ದು ಬಹಳ. ಬರಗಾಲದಲ್ಲಿ ಯಾರ ಗದ್ದೆಗೆ ಮೊದಲು ನೀರು, ಕಟ್ಟೆಯಲ್ಲಿ ಸೋರಿಕೆಯನ್ನು ಹೇಗೆ ಗುರುತಿಸುತ್ತಾರೆ ಎಂಬುದು ಯಾವ ಶಾಸನದಲ್ಲೂ ನನಗೆ ಸಿಗಲಿಲ್ಲ. ಹಿರಿಯ ನೀರುಗಂಟಿಯೊಬ್ಬರು ಸಂಜೆ ತೂಬಿನ ಕಲ್ಲಿನ ಮೇಲೆ ಕುಳಿತು ಹೇಳಿದ್ದನ್ನು ‘ಸ್ಥಳೀಯರ ಪ್ರಕಾರ’ ಎಂದು ಬರೆದು ಮುಗಿಸುವುದು ಅನ್ಯಾಯ. ಜಾನಪದ ಸಂಶೋಧಕರು ವಕ್ತೃಗಳ, ಅಂದರೆ ಮಾಹಿತಿ ಹೇಳಿದವರ, ಪಟ್ಟಿ ಕೊಡುವಂತೆ ನಾನೂ ಕೊಟ್ಟೆ: ಹೆಸರು, ವಯಸ್ಸು, ಕಸುಬು, ಊರು, ತಾಲ್ಲೂಕು, ಮಾತನಾಡಿದ ದಿನಾಂಕ. ಮೊದಲೇ ಅವರ ಒಪ್ಪಿಗೆ ಕೇಳಿದ್ದೆ. ನೀರಿನ ಜಗಳದ ವಿಷಯ ಬಂದಾಗ ಒಬ್ಬರು ‘ನನ್ನ ಹೆಸರು ಹಾಕಬೇಡಿ ಸ್ವಾಮಿ’ ಎಂದರು. ಅಲ್ಲಿ ಕಸುಬು, ತಾಲ್ಲೂಕು ಮತ್ತು ದಿನಾಂಕ ಮಾತ್ರ ಇಟ್ಟು, ಕೋರಿಕೆಯ ಮೇರೆಗೆ ಹೆಸರು ಬಿಟ್ಟಿದೆ ಎಂದು ಟಿಪ್ಪಣಿಯಲ್ಲೇ ಹೇಳಿದೆ.

ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಗ್ರಂಥಸೂಚಿ ಬರೆಸಿಕೊಂಡು ಬರುವವರಿದ್ದಾರೆ. ಲೇಖಕರ ಹೆಸರು ನಿಜ, ಪತ್ರಿಕೆಯ ಹೆಸರು ನಿಜ, ಆ ಲೇಖನ ಮಾತ್ರ ಎಲ್ಲೂ ಇಲ್ಲ. ಲೇಖನವನ್ನು ಅಂತರಜಾಲದಲ್ಲಿ ಗುರುತಿಸುವ ಡಿಒಐ ಸಂಖ್ಯೆ ಕೊಟ್ಟಿದ್ದರೆ ಅದನ್ನು ತೆರೆದು ನೋಡಿಸುತ್ತೇನೆ. ಇಲ್ಲದಿದ್ದರೆ ಪತ್ರಿಕೆಯ ಆ ಸಂಚಿಕೆಯನ್ನೇ ತರಿಸುತ್ತೇನೆ. ವಿಕಿಪೀಡಿಯವನ್ನು ಓದಬೇಡಿ ಎಂದು ನಾನು ಹೇಳುವುದಿಲ್ಲ. ಅದರ ಕೆಳಗಿನ ಟಿಪ್ಪಣಿಗಳಿಂದ ಹೊರಟು ಮೂಲಕ್ಕೆ ಹೋಗಿ, ಮೂಲವನ್ನು ಓದಿ, ಮೂಲವನ್ನು ಉಲ್ಲೇಖಿಸಿ. ಜಾಲತಾಣವೇ ಆಕರವಾದರೆ ನೋಡಿದ ದಿನಾಂಕ ಬರೆದು, ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಒಂದು ಪ್ರತಿ ಉಳಿಸಿ.

ಬೈಂಡಿಂಗ್‌ಗೆ ಕೊಡುವ ಮೊದಲಿನ ವಾರವನ್ನು ಬೇರೆ ಯಾವ ಕೆಲಸಕ್ಕೂ ಕೊಡಬೇಡಿ. ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಗ್ರಂಥಸೂಚಿಯೊಡನೆ ತಾಳೆ ನೋಡಿ. ಆಮೇಲೆ ಗ್ರಂಥಸೂಚಿಯಿಂದ ಹಿಂದಕ್ಕೆ ಬನ್ನಿ. ಪಟ್ಟಿಯಲ್ಲಿದ್ದು ಟಿಪ್ಪಣಿಯಲ್ಲಿ ಬಾರದ ಪುಸ್ತಕವನ್ನು ತೆಗೆದುಹಾಕಿ, ಅದು ಎಷ್ಟೇ ದೊಡ್ಡವರದಾಗಿರಲಿ. ನಾನು ಈ ಕೆಲಸವನ್ನು ಗೆಳೆಯರೊಬ್ಬರ ಜೊತೆ ಕುಳಿತು ಮಾಡಿದೆ: ಅವರು ಟಿಪ್ಪಣಿ ಓದುವುದು, ನಾನು ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಡುವುದು. ಬೆರಳಿಡಲು ಸಾಲು ಸಿಗದ ಕಡೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಮರುದಿನ ಗ್ರಂಥಾಲಯಕ್ಕೆ ಹೋದೆ.